ಜಗಲಿಯ ಮಾತು: ಪಕ್ಕದ ಮನೆಯ ಮಂತ್ರವಾದಿ

ಸಂಪಾದಕರಿಂದ ಅಪ್ಪಣೆಯಾಗಿದೆ. "ಮುಂದಿನದು ದಸರಾ ಸಂಚಿಕೆ. ಬೊಂಬೆ ಹಬ್ಬದ ವಿಚಾರ ಏನಾದರೂ ಬರೆಯಿರಿ. ಹೋದ ಸಲದಂತೆ ನಿಮ್ಮ ಕಚೇರಿಯ ಫೈಲುಗಳ ಗೋಳು ಬೇಡ" ಎಂದು. ಗುಮಾಸ್ತೆಯ ಹತ್ತಿರ ಫೈಲಲ್ಲದೆ ಇನ್ನೇನು ಇರುತ್ತದೆ ಎಂದು ಮೊದಲು ಸಿಟ್ಟು ಬಂದದ್ದು ನಿಜ. ಆಮೇಲೆ ನಮ್ಮ ಮನೆಯ ಬೊಂಬೆಗಳ ಸಾಲಿನಲ್ಲಿರುವ ಆನೆಯ ನೆನಪಾಯಿತು. ಅದರ ಕಥೆಯನ್ನು ಒಮ್ಮೆ ಹೇಳಿಬಿಡುವುದೇ ಮೇಲು.

ವಿಶಾಖಪಟ್ಟಣದಲ್ಲಿ ನಮ್ಮ ಮನೆಗೆ ನವರಾತ್ರಿಯಲ್ಲಿ ಬಂದವರಿಗೆ ಈ ಆನೆಯ ಪರಿಚಯವಿದೆ. ಮೇಲಿನ ಮೆಟ್ಟಿಲಿನಲ್ಲಿ, ಪಟ್ಟದ ರಾಜರಾಣಿಯರ ಪಕ್ಕದಲ್ಲೇ, ಗೇಣುದ್ದದ ಒಂದು ಮರದ ಆನೆ. ಬಣ್ಣವಿಲ್ಲ, ಸೊಂಡಿಲಿಲ್ಲ, ಒಂದು ಕಿವಿಯಿಲ್ಲ, ಬೆನ್ನ ಮೇಲಿದ್ದ ಅಂಬಾರಿಯೂ ಇಲ್ಲ. ಹೊಸಬರು ಅದನ್ನು ನೋಡಿ ಕುರಿಯೋ ಹಂದಿಯೋ ಎಂದು ಅನುಮಾನಿಸಿ, ಸಭ್ಯತೆಯಿಂದ ಸುಮ್ಮನಾಗುತ್ತಾರೆ. ಹಿರಿಯರೊಬ್ಬರು ಮಾತ್ರ, "ಮುಕ್ಕಾದ ಬೊಂಬೆ ಕೂರಿಸಬಾರದಮ್ಮ, ಅದೂ ಪಟ್ಟದ ಬೊಂಬೆ ಪಕ್ಕದಲ್ಲಿ" ಎಂದು ನನ್ನನ್ನು ಒಳಗೆ ಕರೆದು ಹೇಳಿದರು. ಶಾಸ್ತ್ರದ ಮಟ್ಟಿಗೆ ಅವರ ಮಾತು ಸರಿಯೇ ಇರಬೇಕು. ಆದರೆ ನನ್ನ ಲೆಕ್ಕದಲ್ಲಿ ಅದು ಶಾಸ್ತ್ರಕ್ಕಿಂತ ಹಿಂದಿನ ಸಾಲ.

ನನ್ನ ತಂದೆಯವರಿಗೆ ರೈಲ್ವೆಯಲ್ಲಿ ಕೆಲಸ. ಮೈಸೂರಿನ ಕಡೆಯಿಂದ ವಿಜಯವಾಡಕ್ಕೆ ವರ್ಗವಾದಾಗ ನನಗೆ ಎಂಟು ವರ್ಷ. ಸಿಂಗ್ ನಗರದಲ್ಲಿ ಒಂದು ಪುಟ್ಟ ಮನೆ ಹಿಡಿದೆವು. ಆಮೇಲೆ ಅದನ್ನೇ ಕೊಂಡದ್ದೂ ಆಯಿತು. ಅಪ್ಪನಿಗೆ ಡ್ಯೂಟಿಯ ಹಗಲು ರಾತ್ರಿ ಒಂದೇ. ಅಮ್ಮನಿಗೆ ತೆಲುಗಿನ ಒಂದಕ್ಷರ ಬಾರದು. ತೆಲುಗೂ ಕನ್ನಡವೂ ಅಕ್ಕತಂಗಿಯರು ಎಂದು ಸಭೆಗಳಲ್ಲಿ ಭಾಷಣ ಮಾಡುವವರು ಹೇಳುತ್ತಾರಲ್ಲ, ಅವರು ಬೆಳಗಿನ ಹೊತ್ತು ನಲ್ಲಿಯ ಬಳಿ ಕೊಡ ಹಿಡಿದು ನಿಂತವರಲ್ಲ. ಹಾಲಿನವನು ಬಂದು "ಪಾಲು" ಎಂದು ಕೂಗಿದರೆ, ಇವನಿಗೆ ಯಾವುದರಲ್ಲಿ ಪಾಲು ಕೊಡಬೇಕು ಎಂದು ಅಮ್ಮನಿಗೆ ಗಾಬರಿ. ಎದುರು ಮನೆಯಾಕೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ "ಎಂಡ, ಎಂಡ" ಎಂದು ನಿಟ್ಟುಸಿರಿಟ್ಟರೆ, ಪಾಪ, ಇವರ ಮನೆಯಲ್ಲಿ ಗಂಡಸರು ಕುಡಿಯುತ್ತಾರೆಂದು ಅಮ್ಮ ಒಂದು ವಾರ ಮರುಗಿದರು. ಎಂಡ ಎಂದರೆ ಬಿಸಿಲು ಎಂದು ತಿಳಿದದ್ದು ಅಪ್ಪ ಹೇಳಿದ ಮೇಲೆ. ವಿಜಯವಾಡದ ಮೇ ತಿಂಗಳನ್ನು ಕಂಡವರಿಗೆ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲವೆಂಬುದು ಬೇರೆ ಮಾತು.

ಬೀದಿಯಲ್ಲಿ ಆಡಿ ಆಡಿ ನನಗೆ ಆರು ತಿಂಗಳಲ್ಲಿ ತೆಲುಗು ನಾಲಗೆಗೆ ಹತ್ತಿತು. ಅಂದಿನಿಂದ ಮನೆಯಲ್ಲಿ ನನಗೆ ದುಭಾಷಿಯ ಉದ್ಯೋಗ. ತರಕಾರಿಯವಳು ಹೇಳಿದ್ದು, ಔಷಧಿ ಅಂಗಡಿಯವನು ಹೇಳಿದ್ದು, ನೆರೆಯವರು ಬೈದದ್ದು, ಎಲ್ಲವೂ ನನ್ನ ಬಾಯಿಂದಲೇ ಅಮ್ಮನ ಕಿವಿಗೆ. ಪರಊರಿನಲ್ಲಿ ಮಕ್ಕಳನ್ನು ಬೆಳೆಸಿದ ನಮ್ಮ ಓದುಗರಿಗೆ ಈ ಉದ್ಯೋಗದ ಅಧಿಕಾರ ಎಷ್ಟೆಂಬುದು ಗೊತ್ತಿರುತ್ತದೆ. ಎರಡು ರೂಪಾಯಿಯ ಬದನೆಕಾಯಿಯನ್ನು ಮೂರು ರೂಪಾಯಿ ಎಂದು ಅನುವಾದಿಸಿ ಒಂದು ರೂಪಾಯಿಗೆ ಐಸ್ ತಿಂದದ್ದೂ ಉಂಟು.

ನಮ್ಮ ಪಕ್ಕದ ಮನೆ ಬೀದಿಯ ಕೊನೆಯದು, ಹಂಚಿನದು. ಅದರಲ್ಲಿ ಒಬ್ಬ ಮುದುಕರು ಒಂಟಿಯಾಗಿದ್ದರು. ಹಗಲಿನಲ್ಲಿ ಬಾಗಿಲು ಹಾಕಿರುತ್ತಿತ್ತು. ರಾತ್ರಿ ಹಿತ್ತಲಿನಲ್ಲಿ ಹೊಟ್ಟಿನ ಬೆಂಕಿ. ಯಾರಾದರೂ ಕೂಗಿದರೆ ತಿರುಗಿ ನೋಡುತ್ತಿರಲಿಲ್ಲ. ಬಾಯಲ್ಲಿ ಸದಾ ಏನೋ ಮಣಮಣ. ಬೇಲಿಯ ಸಂದಿನಿಂದ ಇಣುಕಿದ ಹುಡುಗರು ಬಂದು ಹೇಳಿದ್ದು ಇದು: ಬೆಂಕಿಯ ಮೇಲೆ ಒಂದು ತಂತಿ ಜಾಲರಿ, ಅದರ ಮೇಲೆ ಸಾಲಾಗಿ ಬೆರಳುದ್ದದ ಕೈಗಳು, ಕಾಲುಗಳು, ಕಣ್ಣಿಲ್ಲದ ತಲೆಗಳು. ಇನ್ನೇನು ಬೇಕು? ಬೀದಿ ಒಮ್ಮತದಿಂದ ತೀರ್ಮಾನಿಸಿತು: ಅವರದು "ಚೇತಬಡಿ".

ಆ ಪದದ ಅರ್ಥ ಮಾಟ. ನಮ್ಮ ಅಮ್ಮನಿಗೆ ಅದು ಹೇಗೆ ಗೊತ್ತಾಗಬೇಕು? "ಬಡಿ" ಎಂದರೆ ತೆಲುಗಿನಲ್ಲಿ ಶಾಲೆ ಎಂಬುದನ್ನು ಮಾತ್ರ ಅವರು ಅಷ್ಟು ಹೊತ್ತಿಗೆ ಕಲಿತಿದ್ದರು. ನನ್ನ ಶಾಲೆಯ ವಿಷಯ ಎಲ್ಲರೂ ಕೇಳುತ್ತಿದ್ದರಲ್ಲ. ಎದುರು ಮನೆಯಾಕೆ ಕಣ್ಣರಳಿಸಿ, ಪಕ್ಕದ ಮನೆ ಕಡೆ ಬೆರಳು ತೋರಿಸಿ "ಚೇತಬಡಿ, ಚೇತಬಡಿ" ಎಂದಾಗ ಅಮ್ಮ ತಲೆಯಾಡಿಸಿ ಒಳಗೆ ಬಂದು ನನಗೆ ಹೇಳಿದರು: "ನೋಡೇ ಪುಟ್ಟಿ, ಪಕ್ಕದಲ್ಲೇ ಮೇಷ್ಟ್ರಿದ್ದಾರೆ. ಚೇತ ಬಡಿಯೋ ಏನೋ, ಶಾಲೆ ಇಟ್ಟಿದ್ದಾರಂತೆ. ತೆಲುಗು ಅಕ್ಷರ ನಿನಗೆ ಕೈ ಹತ್ತುತ್ತಿಲ್ಲ. ನಾಳೆಯಿಂದ ಸಂಜೆ ಹೋಗು."

ನನಗೆ ಅರ್ಥ ಗೊತ್ತಿತ್ತು. ಹೇಳಲಿಲ್ಲ. ಹೇಳಿದ್ದರೆ ಆ ಮನೆಯೊಳಗೆ ಕಾಲಿಡುವ ಭಾಗ್ಯ ತಪ್ಪುತ್ತಿತ್ತು. ಮಂತ್ರವಾದಿಯನ್ನು ಹತ್ತಿರದಿಂದ ನೋಡುವ ಅವಕಾಶ ಬೀದಿಯ ಯಾವ ಹುಡುಗರಿಗೂ ಸಿಕ್ಕಿರಲಿಲ್ಲ. ಮರುದಿನ ಅಮ್ಮ ಒಂದು ತಟ್ಟೆಯಲ್ಲಿ ಎಲೆ, ಅಡಕೆ, ಬಾಳೆಹಣ್ಣು ಇಟ್ಟುಕೊಂಡು, ಸ್ಲೇಟು ಹಿಡಿದ ನನ್ನನ್ನು ಮುಂದೆ ಮಾಡಿಕೊಂಡು, ಇಡೀ ಬೀದಿ ಬಾಯಿ ಬಿಟ್ಟು ನೋಡುತ್ತಿರುವಾಗ, ಆ ಮನೆಯ ಬಾಗಿಲು ತಟ್ಟಿದರು.

ಮುದುಕರು ಬಾಗಿಲು ತೆಗೆದು ತಟ್ಟೆಯನ್ನೂ ಅಮ್ಮನನ್ನೂ ನೋಡಿದರು. ಬಹಳ ಕಾಲದಿಂದ ಆ ಬಾಗಿಲಿಗೆ ಯಾರೂ ತಾಂಬೂಲ ತಂದಿರಲಿಲ್ಲವೆಂದು ಕಾಣುತ್ತದೆ. ಅಮ್ಮ ಕನ್ನಡದಲ್ಲಿ, "ಇವಳಿಗೆ ನಾಲ್ಕು ಅಕ್ಷರ ಹೇಳಿಕೊಡಿ" ಎಂದರು. ಅವರು ಎಡಗಿವಿಯನ್ನು ಮುಂದೆ ತಂದು "ಆಁ?" ಎಂದರು. ಬಲಗಿವಿ ಪೂರ್ತಿ ಕೇಳುತ್ತಿರಲಿಲ್ಲ, ಎಡಗಿವಿ ಅರ್ಧ. ಯಾರು ಕರೆದರೂ ತಿರುಗದ ಮಹಾ ಗರ್ವದ ಗುಟ್ಟು ಅಷ್ಟೇ.

ಅವರು ಕೊಂಡಪಲ್ಲಿಯವರು. ವಿಜಯವಾಡದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಅಲ್ಲಿಯ ಬೊಂಬೆಗಳನ್ನು ನೀವೆಲ್ಲ ನೋಡಿದ್ದೀರಿ: ದಶಾವತಾರ, ಎತ್ತಿನ ಗಾಡಿ, ತಾಳೆಮರ ಹತ್ತುವ ಕಳ್ಳಿನವನು, ಅಂಬಾರಿ ಆನೆ. ಊರು ಬಿಟ್ಟು ಇಲ್ಲೇಕೆ ಬಂದರೆಂಬುದನ್ನು ನಾನು ಕೇಳಲಿಲ್ಲ. ಒಂಬತ್ತು ವರ್ಷದವರು ಅಂಥದನ್ನು ಕೇಳುವುದಿಲ್ಲ. ಹಗಲಿನ ಬಿಸಿಲಿಗೆ ಬಣ್ಣ ಹಿಡಿಯುವುದಿಲ್ಲವೆಂದು ಸಂಜೆ ಮತ್ತು ರಾತ್ರಿ ಕೆಲಸ ಮಾಡಿ, ವಾರಕ್ಕೊಮ್ಮೆ ಬುಟ್ಟಿಯಲ್ಲಿ ತುಂಬಿ ಅಂಗಡಿಗೆ ಕೊಟ್ಟು ಬರುತ್ತಿದ್ದರು.

ಅಮ್ಮ ಅಂದುಕೊಂಡ ಶಾಲೆ ನಡೆದೇ ನಡೆಯಿತು. ನಾಲ್ಕು ತೆಲುಗು ಅಕ್ಷರ ಬರೆದ ಮೇಲೆ ನನಗೆ ಹುಣಸೆ ಬೀಜ ಅರೆಯುವ ಕೆಲಸ. ಕೊಂಡಪಲ್ಲಿ ಬೊಂಬೆಯ ಮರ್ಮವೆಲ್ಲ ಇದರಲ್ಲೇ ಇದೆ. ಮರ "ತೆಲ್ಲ ಪೊಣಿಕಿ" ಎಂಬುದು, ಸುತ್ತಲಿನ ಗುಡ್ಡಗಳದು, ಕೈಯಲ್ಲಿ ಹಿಡಿದರೆ ಬೆಂಡಿನಷ್ಟು ಹಗುರ. ಹಸಿ ಮರವಾದ್ದರಿಂದ ಸಣ್ಣ ಬೆಂಕಿಯ ಮೇಲೆ ನಿಧಾನವಾಗಿ ಕಾಯಿಸಿ ನೀರಿನಂಶವನ್ನೆಲ್ಲ ತೆಗೆಯಬೇಕು. ಹುಡುಗರು ಬೇಲಿಯಿಂದ ಕಂಡ ಸುಡುಗಾಡು ಅದೇ. ಒಂದೇ ದಿಮ್ಮಿಯಲ್ಲಿ ಇಡೀ ಬೊಂಬೆ ಕೆತ್ತುವುದಿಲ್ಲ. ಕೈ, ಕಾಲು, ತಲೆ ಬೇರೆ ಬೇರೆ ಮಾಡಿ, ಹುಣಸೆ ಬೀಜದ ಅಂಟಿಗೆ ಮರದ ಹೊಟ್ಟು ಕಲಸಿದ "ಮಕ್ಕು" ಎಂಬ ಮುದ್ದೆಯಿಂದ ಕೂಡಿಸುತ್ತಾರೆ. ಆಮೇಲೆ ಅರದಿಂದ ಉಜ್ಜಿ, ಸುಣ್ಣದ ಬಿಳುಪು ಕೊಟ್ಟು, ಆಡಿನ ಕೂದಲ ಕುಂಚದಿಂದ ಬಣ್ಣ. ಬಾಯಲ್ಲಿ ಮಣಮಣ ಎನ್ನುತ್ತಿದ್ದದ್ದು ಮಂತ್ರವಲ್ಲ, ಬೊಂಬೆಗಳನ್ನು ಬೈಯುತ್ತಿದ್ದರು. "ನೆಟ್ಟಗೆ ನಿಲ್ಲು, ನಿನ್ನ ತಮ್ಮ ಹೇಗೆ ನಿಂತಿದ್ದಾನೆ ನೋಡು" ಎಂದು.

(ಇಲ್ಲೊಂದು ಅಡ್ಡ ಮಾತು. ನಮ್ಮ ಕೊಪ್ಪಳದ ಹತ್ತಿರದ ಕಿನ್ನಾಳದಲ್ಲೂ ಚಿತ್ರಗಾರರು ಹಗುರ ಮರಕ್ಕೆ ಹುಣಸೆ ಬೀಜದ ಅಂಟನ್ನೇ ಬಳಸುತ್ತಾರೆ. ಈಗ ನಾನಿರುವ ವಿಶಾಖಪಟ್ಟಣದ ಕಡೆ ವರಾಹ ನದಿಯ ದಂಡೆಯ ಏಟಿಕೊಪ್ಪಾಕದಲ್ಲಿ ಅರಗಿನ ಬೊಂಬೆ ಮಾಡುವ "ಅಂಕುಡು" ಮರವೂ ಚನ್ನಪಟ್ಟಣದ ಆಲೆ ಮರವೂ ಒಂದೇ ಜಾತಿ. ಅಲ್ಲಿ ಗಿಡಮೂಲಿಕೆಗಳ ಬಣ್ಣಕ್ಕೆ ಜೀವ ಕೊಟ್ಟ ಸಿ. ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. 2025ರ ಗಣರಾಜ್ಯೋತ್ಸವದಲ್ಲಿ ಆಂಧ್ರದ ಸ್ತಬ್ಧಚಿತ್ರವೂ ಏಟಿಕೊಪ್ಪಾಕದ ಬೊಂಬೆಗಳದೇ. ಭಾಷೆಗಳು ಅಕ್ಕತಂಗಿಯರಾದರೆ ಬೊಂಬೆಗಳು ಅವಳಿಜವಳಿ ಎನ್ನಬಹುದು. ಅಡ್ಡ ಮಾತು ಮುಗಿಯಿತು.)

ತಾತ ನನಗೆ ಹೇಳಿದ ಮೊದಲ ಗುಟ್ಟು: ಕಣ್ಣು ಬರೆಯುವ ತನಕ ಬೊಂಬೆಯ ಮುಂದೆ ಏನು ಬೇಕಾದರೂ ಮಾತಾಡಬಹುದು, ಕಣ್ಣು ಬರೆದ ಮೇಲೆ ಅದಕ್ಕೆ ಕಿವಿಯೂ ಬರುತ್ತದೆ. ಎರಡನೆಯದು: ಗೂಡಿನಲ್ಲಿರುವ ಅಂಬಾರಿ ಆನೆ ರಾತ್ರಿ ಇಳಿದು ತೆಂಗಿನ ಚಿಪ್ಪಿನಲ್ಲಿಟ್ಟ ನೀರು ಕುಡಿದು ಹೋಗುತ್ತದೆ. ನಾನು ನಂಬಲಿಲ್ಲ. ಮರುದಿನ ಸಂಜೆ ಹೋದಾಗ ನೆಲದ ಮೇಲಿನ ಮರದ ಹೊಟ್ಟಿನಲ್ಲಿ ಗೂಡಿನಿಂದ ಚಿಪ್ಪಿನವರೆಗೆ ಹುಣಸೆ ಬೀಜದಷ್ಟು ದುಂಡಗಿನ ಹೆಜ್ಜೆಗಳು, ನಾಲ್ಕು ನಾಲ್ಕು. ಚಿಪ್ಪಿನಲ್ಲಿ ನೀರು ಒಂದು ಬೆರಳು ಕಡಮೆ. ಅಂದಿನಿಂದ ನಂಬಿದೆ. ಈಗಲೂ ಪೂರ್ತಿ ಬಿಟ್ಟಿದ್ದೇನೆಂದು ಹೇಳಲಾರೆ.

ಅಂಬಾರಿಯ ವಿಷಯದಲ್ಲಿ ನಾನು ಅವರಿಗೆ ಗುರು. ಮೈಸೂರಿನ ಜಂಬೂ ಸವಾರಿಯ ಅಂಬಾರಿ 750 ಕಿಲೋ ತೂಕದ್ದು, ಚಿನ್ನದ್ದು, ನಾನು ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದೇನೆ ಎಂದು ಕಿವಿಯಲ್ಲಿ ಕೂಗಿ ಹೇಳಿದೆ. ಬದುಕೆಲ್ಲ ಅಂಬಾರಿ ಆನೆ ಮಾಡಿದ ಆ ಮನುಷ್ಯ ಅಂಬಾರಿ ಹೊತ್ತ ಆನೆಯನ್ನು ಕಂಡಿರಲೇ ಇಲ್ಲ. 750 ಕಿಲೋ ಹೊತ್ತರೆ ಬೆನ್ನು ಎಷ್ಟು ತಗ್ಗುತ್ತದೆ, ಬಾಲ ಎತ್ತಿರುತ್ತದೋ ಇಳಿಸಿರುತ್ತದೋ ಎಂದು ಕೇಳಿದರು. ನನಗೆ ತಿಳಿಯದು. "ಮುಂದಿನ ದಸರೆಗೆ ಅಪ್ಪನ ಪಾಸಿನಲ್ಲಿ ನಿಮ್ಮನ್ನು ಕರೆದುಕೊಂಡು ಹೋಗುತ್ತೇವೆ, ನೀವೇ ನೋಡಿ" ಎಂದು ಮಾತು ಕೊಟ್ಟೆ. ರೈಲ್ವೆಯ ಪಾಸು ಯಾರು ಯಾರಿಗೆ ಸಲ್ಲುತ್ತದೆಂಬ ನಿಯಮ ನನಗೆ ಆಗ ಗೊತ್ತಿರಲಿಲ್ಲ.

ಒಂದೇ ಒಂದು ಸಲ ಜಗಳವಾಯಿತು. "ನಿಮ್ಮ ರಾಯರೇ ಬಂದು ನಮ್ಮ ಕೊಂಡಪಲ್ಲಿ ಕೋಟೆ ಗೆದ್ದರು" ಎಂದರು. ಕೃಷ್ಣದೇವರಾಯ ಕೊಂಡವೀಡು, ಕೊಂಡಪಲ್ಲಿಗಳನ್ನು ಹಿಡಿದು 1516ರಲ್ಲಿ ಸಿಂಹಾಚಲದ ನರಸಿಂಹನ ಸನ್ನಿಧಿಗೆ ಬಂದದ್ದು ಚರಿತ್ರೆ. "ಅವನು ನಮ್ಮವನೇ" ಎಂದು ನಾನು ಹೆಮ್ಮೆಯಿಂದ ಒಪ್ಪಿಕೊಂಡೆ. ಕೂಡಲೇ ತಾತನಿಗೆ ಸಿಟ್ಟು: "ನಿಮ್ಮವನು ಹೇಗೆ? ತೆಲುಗಿನಲ್ಲಿ ಕಾವ್ಯ ಬರೆದವನು!" ಕೋಟೆ ಗೆದ್ದಾಗ ನಿಮ್ಮವನು, ಕಾವ್ಯ ಬರೆದಾಗ ನಮ್ಮವನು. ಎರಡು ದಿನ ಮಾತು ಬಿಟ್ಟಿದ್ದೆವು.

ಇಷ್ಟರವರೆಗೆ ಹೇಳಲು ಸುಲಭ. 1997ರ ಭಾದ್ರಪದ. ಅಮ್ಮ ಮಧ್ಯಾಹ್ನ ಮಲಗಿದ್ದಾಗ ನಾನು ಟ್ರಂಕು ತೆಗೆದು ಪಟ್ಟದ ರಾಣಿಯನ್ನು ಹೊರಗೆ ತಂದೆ. ಅಮ್ಮನ ಮದುವೆಯಲ್ಲಿ ಅಜ್ಜಿ ಕೊಟ್ಟ ರಕ್ತಚಂದನದ ಜೋಡಿ ಅದು. ಅಜ್ಜಿಗೆ ಅವರ ಅಮ್ಮ ಕೊಟ್ಟದ್ದು. ಕೈಜಾರಿ ಕಡಪದ ಕಲ್ಲಿನ ನೆಲಕ್ಕೆ ಬಿತ್ತು. ಹೂವು ಹಿಡಿದ ಬಲಗೈ ಮೂರು ಚೂರು.

ರಾಣಿಯನ್ನು ಲಂಗದಲ್ಲಿ ಸುತ್ತಿಕೊಂಡು ತಾತನ ಮನೆಗೆ ಓಡಿದೆ. ಅವರು ಬೊಂಬೆಯನ್ನು ತೂಗಿ ನೋಡಿ, ಇದು ಕಲ್ಲಿನಂಥ ಮರ, ನನ್ನ ಉಳಿಯ ಮರವಲ್ಲ ಎಂದರು. ಆದರೂ ಪೊಣಿಕಿಯಲ್ಲಿ ಹೊಸ ಕೈ ಮಾಡಿ ಬಣ್ಣದಲ್ಲಿ ಹೊಂದಿಸಿಕೊಡುವುದಾಗಿ ಒಪ್ಪಿದರು. ಒಂದು ವಾರ ಬೇಕು. ಮಹಾಲಯ ಅಮಾವಾಸ್ಯೆಯವರೆಗೆ ಅಮ್ಮ ಟ್ರಂಕು ತೆಗೆಯುವುದಿಲ್ಲ. "ಯಾರಿಗೂ ಹೇಳಬಾರದು, ನನ್ನಾಣೆ" ಎಂದೆ. ಕಣ್ಣು ಬರೆಯದ ಬೊಂಬೆಗಳ ಮುಂದೆ ಅವರು ನನ್ನ ಕೈಯಲ್ಲಿ ಕೈಯಿಟ್ಟು ಆಣೆ ಮಾಡಿದರು.

ಆ ವಾರವೇ ಎದುರು ಮನೆಯ ಮಗುವಿಗೆ ಜ್ವರ. ನಾಲ್ಕು ದಿನವಾದರೂ ಇಳಿಯಲಿಲ್ಲ. ಐದನೆಯ ದಿನ ಬಡಬಡಿಸತೊಡಗಿತು. ಸಂಜೆ ಯಾರೋ ತಾತನ ಕಿಟಕಿಯಿಂದ ಇಣುಕಿದರು. ಒಳಗೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಹೆಂಗಸಿನ ಬೊಂಬೆ, ಬಲಗೈ ಕಡಿದದ್ದು, ಅದರ ಪಕ್ಕ ಒಂದು ಉಳಿ.

ಬೀದಿ ಸೇರಲು ಎಷ್ಟು ಹೊತ್ತು! ಬಾಗಿಲು ದೂಡಿದರು. ಬುಟ್ಟಿ ಬುಟ್ಟಿ ತಲೆಗಳು, ಕೈಗಳು ಹೊರಗೆ ಬಂದು ಚರಂಡಿಗೆ ಬಿದ್ದವು. ಒಬ್ಬ ರಾಣಿಯನ್ನು ಎತ್ತಿ ಹಿಡಿದು, "ಇದು ಯಾರ ಬೊಂಬೆ? ಯಾರಿಗೆ ಮಾಡಿದ್ದೀಯ? ಹೇಳು" ಎಂದು ಅವರ ರಟ್ಟೆ ಹಿಡಿದು ಅಲುಗಿಸಿದ. ಅವರಿಗೆ ಅರ್ಧ ಕೇಳಿಸಿತೋ ಇಲ್ಲವೋ. ನಾನು ನಮ್ಮ ಬಾಗಿಲಲ್ಲಿ ನಿಂತಿದ್ದೆ. ಅವರು ಒಂದು ಸಲ ನನ್ನ ಕಡೆ ನೋಡಿದರು. ಆಮೇಲೆ ಬೇಕೆಂದೇ ಬೇರೆ ಕಡೆ ತಿರುಗಿಕೊಂಡು, "ನನ್ನದೇ" ಎಂದರು. ಕೆನ್ನೆಗೆ ಒಂದು ಏಟು ಬಿತ್ತು.

ಒಳಗಿಂದ ಅಮ್ಮ ಕೈ ಒರೆಸಿಕೊಳ್ಳುತ್ತ ಬಂದರು. ಕತ್ತಲಾಗಿತ್ತು, ಜನದ ಬೆನ್ನುಗಳ ಆಚೆ ಅವರಿಗೆ ಏನೂ ಕಾಣಿಸಲಿಲ್ಲ. "ಏನಂತೇ ಗಲಾಟೆ? ನಿಮ್ಮ ಮೇಷ್ಟರ ಮನೆ ಮುಂದೆ? ನಾನು ಹೋಗಿ ಕೇಳಲೇ?" ಎಂದರು. ಅಮ್ಮ ಹೋಗುತ್ತಿದ್ದರು. ತಾಂಬೂಲದ ತಟ್ಟೆ ಹಿಡಿದು ಹೋದವರು ಬರಿಗೈಯಲ್ಲಿ ಹೋಗಲು ಹೆದರುವವರಲ್ಲ. ಬೊಂಬೆಯನ್ನು ಕಂಡೊಡನೆ ಗುರುತಿಸಿ "ಇದು ನನ್ನ ಪಟ್ಟದ ಬೊಂಬೆ" ಎನ್ನುತ್ತಿದ್ದರು. ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ನನಗೆ ನಾಲ್ಕು ಏಟು ಬೀಳುತ್ತಿತ್ತು, ಅಷ್ಟೇ.

ನಾನು ಅನುವಾದ ಮಾಡಿದೆ. "ನಲ್ಲಿ ನೀರಿನ ಜಗಳ ಅಮ್ಮ. ದಿನಾ ಇದ್ದದ್ದೇ. ಬಾ ಒಳಗೆ."

ಅಮ್ಮ ಒಳಗೆ ಹೋದರು. ನಾನು ಬಾಗಿಲು ಹಾಕಿದೆ.

ಮಗುವಿಗೆ ಆಗಿದ್ದದ್ದು ಟೈಫಾಯಿಡ್. ಮಾರನೆಯ ದಿನ ಆಸ್ಪತ್ರೆಗೆ ಸೇರಿಸಿದರು. ಎರಡು ವಾರದಲ್ಲಿ ಗುಣವಾಗಿ ಬಂತು. ಮಾಟ ತೆಗೆಸಿದ್ದರಿಂದ ವಾಸಿಯಾಯಿತೆಂದು ಬೀದಿಯ ನಂಬಿಕೆ. ಕರ್ನಾಟಕದಲ್ಲಿ 2017ರಲ್ಲಿ ವಾಮಾಚಾರ, ದುಷ್ಟ ಪದ್ಧತಿಗಳ ವಿರುದ್ಧ ಕಾನೂನಾಗಿ 2020ರಿಂದ ಜಾರಿಯಲ್ಲಿದೆ. ಮಾಟ ಮಾಡುವವರನ್ನೂ, ಮಾಟಗಾರರೆಂದು ಹೇಳಿ ಹಿಂಸಿಸುವವರನ್ನೂ ಕಾನೂನು ಹಿಡಿಯಬಹುದು. ಬಾಗಿಲು ಹಾಕಿಕೊಂಡವರ ವಿಚಾರ ಯಾವ ಕಲಮಿನಲ್ಲೂ ಬರುವುದಿಲ್ಲ. ಗುಮಾಸ್ತೆಯಾದ್ದರಿಂದ ಇಂಥದನ್ನು ಹುಡುಕುವ ಚಾಳಿ ನನಗೆ.

ಮೂರನೆಯ ದಿನ ಬೆಳಿಗ್ಗೆ ಹಂಚಿನ ಮನೆಗೆ ಬೀಗ ಬಿದ್ದಿತ್ತು. ನಮ್ಮ ಹಿಂದಿನ ಕಿಟಕಿಯ ಕಟ್ಟೆಯ ಮೇಲೆ ಕೆಂಪು ಬಟ್ಟೆಯ ಒಂದು ಗಂಟು. ಒಳಗೆ ರಾಣಿ, ಬಲಗೈಯಲ್ಲಿ ಹೂವು ಹಿಡಿದು. ಬೆಸುಗೆಯ ಗೆರೆಯನ್ನು ಬಳೆಗಳ ಬಣ್ಣದ ಕೆಳಗೆ ಮುಚ್ಚಿದ್ದರು. ಗಂಟಿನ ಪಕ್ಕದಲ್ಲಿ ಅಂಬಾರಿ ಆನೆ. ಕಟ್ಟೆಯ ತುಂಬ ಒಂದು ಹಿಡಿ ಮರದ ಹೊಟ್ಟು ಹರಡಿತ್ತು. ಅದರಲ್ಲಿ ಅಂಚಿನಿಂದ ಕಿಟಕಿಯವರೆಗೆ ಹುಣಸೆ ಬೀಜದಷ್ಟು ಹೆಜ್ಜೆಗಳು, ನಾಲ್ಕು ನಾಲ್ಕು.

ಆನೆಯನ್ನು ಮೇಷ್ಟ್ರು ಊರಿಗೆ ಹೋಗುವಾಗ ಕೊಟ್ಟರೆಂದು ಅಮ್ಮನಿಗೆ ಹೇಳಿದೆ. ಅದೊಂದು ನಿಜ. ಅಮ್ಮ ಅದನ್ನು ರಾಜರಾಣಿಯರ ಪಕ್ಕದಲ್ಲೇ ಕೂರಿಸಿದರು. ಹಾಗೆ ಇಪ್ಪತ್ತಾರು ದಸರೆ ನಡೆದವು. ನಾನು ಬಿ. ಎ. ಮುಗಿಸಿ, ಪರೀಕ್ಷೆ ಬರೆದು, ವಿಶಾಖಪಟ್ಟಣದ ಕಚೇರಿಗೆ ಸೇರಿದೆ, ಮದುವೆಯೂ ಆಯಿತು. ಪಟ್ಟದ ಬೊಂಬೆಯನ್ನು ನನ್ನ ಮದುವೆಯಲ್ಲಿ ಕೊಡಲು ಅಮ್ಮ ಮುಂದಾದಾಗ, ಈಗ ಬೇಡ, ನಿನ್ನ ಹತ್ತಿರವೇ ಇರಲಿ ಎಂದು ತಪ್ಪಿಸಿಕೊಂಡೆ. ಕೈಯ ತೂಕ ನೋಡಿಬಿಡುತ್ತಾರೆಂಬ ಹೆದರಿಕೆ.

2024ರ ಸೆಪ್ಟೆಂಬರ್ 1ರ ಭಾನುವಾರ ಬುಡಮೇರು ಉಕ್ಕಿ ಸಿಂಗ್ ನಗರಕ್ಕೆ ನುಗ್ಗಿದ್ದನ್ನು ಈ ಪತ್ರಿಕೆಯ ವಿಜಯವಾಡದ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಆ ಕಡೆ ಕೃಷ್ಣೆಯಲ್ಲಿ, ಪ್ರಕಾಶಂ ಬ್ಯಾರೇಜಿನಿಂದ, 11 ಲಕ್ಷ ಕ್ಯೂಸೆಕ್‌ಗೂ ಮೀರಿದ ನೀರು. ಈ ಕಡೆ ನಮ್ಮ ಬೀದಿಯಲ್ಲಿ ದೋಣಿ. ಅಪ್ಪ ಅಮ್ಮನ ಫೋನು ಎರಡು ದಿನ ಸತ್ತಿತ್ತು. ರೈಲುಗಳು ರದ್ದು. ವಿಶಾಖಪಟ್ಟಣದಿಂದ 350 ಕಿಲೋಮೀಟರು ಬಸ್ಸಿನಲ್ಲಿ ಹೇಗೋ ತಲುಪಿ, ನೀರು ಇಳಿದ ಮೇಲೆ ಮನೆಯೊಳಗೆ ಕಾಲಿಟ್ಟಾಗ ಮೊಣಕಾಲಿನವರೆಗೆ ಕೆಸರು. ಇಬ್ಬರೂ ಮಹಡಿಯ ಒಂಟಿ ಕೋಣೆಯಲ್ಲಿ ಹೆಲಿಕಾಪ್ಟರಿನಿಂದ ಬಿದ್ದ ಬಿಸ್ಕತ್ತು ತಿಂದು ಬದುಕಿದ್ದರು.

ಅಮ್ಮ ಮೊದಲು ಹೇಳಿದ್ದು ಇದು: "ರಾತ್ರಿಯೆಲ್ಲ ಟಾರ್ಚ್ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದೆವು ಕಣೇ. ನೀರು ಒಂದೊಂದೇ ಮೆಟ್ಟಿಲು ಹತ್ತುತ್ತಿತ್ತು. ಟ್ರಂಕಿನ ಮುಚ್ಚಳ ಯಾವಾಗ ಬಿಚ್ಚಿತೋ. ನಿನ್ನ ಆನೆ ತೇಲಿಕೊಂಡು ಬಂತು. ನೀರಿನ ಜೊತೆಗೆ ಅದೂ ಮೆಟ್ಟಿಲು ಹತ್ತಿತು. ನಿಮ್ಮಪ್ಪ ಎತ್ತಿ ಮೇಲಿಟ್ಟರು."

ಪೊಣಿಕಿ ತೇಲುವ ಮರ. ರಕ್ತಚಂದನ ನೀರಿನಲ್ಲಿ ಮುಳುಗುವ ಮರ. ಹುಣಸೆ ಬೀಜದ ಅಂಟು ನೀರಿಗೆ ನಿಲ್ಲುವುದಿಲ್ಲ. ಅಂಬಾರಿ, ಸೊಂಡಿಲು, ಕಿವಿ ಎಲ್ಲೋ ಹೋಗಿದ್ದವು. ಕೆಸರಿನಲ್ಲಿ ಕೈಯಾಡಿಸಿ ರಾಜನನ್ನು ತೆಗೆದೆ. ಆಮೇಲೆ ರಾಣಿ ಸಿಕ್ಕಳು. ಅಮ್ಮ ತೊಳೆದು ನೋಡಿದರು. "ಈ ಕೈ ಯಾವಾಗ ಮುರಿಯಿತೇ? ಇದು ಹಳೇ ಮುರಿತ."

ಆ ಕೆಸರಿನಲ್ಲಿ ನಿಂತು ಎಲ್ಲ ಹೇಳಿದೆ. ಅಮ್ಮ ಪೂರ್ತಿ ಕೇಳಿದರು. ಬಹಳ ಹೊತ್ತಾದ ಮೇಲೆ, "ಅವತ್ತು ನಲ್ಲಿ ಜಗಳ ಅಂದಿದ್ದೆ" ಎಂದರು. ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಅದರ ಒಂದಕ್ಷರವನ್ನೂ ಮರೆತಿರಲಿಲ್ಲ. ಅವರಿಗೆ ಅನುಮಾನ ಇತ್ತೋ ಏನೋ, ಕೇಳುವ ಧೈರ್ಯ ನನಗೆ ಬರಲಿಲ್ಲ. "ಅವರಿಗೆ ತಾಂಬೂಲ ಕೊಟ್ಟಿದ್ದೆನಲ್ಲೇ" ಎಂದು ಒಮ್ಮೆ ಹೇಳಿ, ಕೆಸರು ಎತ್ತಲು ತೊಡಗಿದರು.

ಮಹಾಲಯ ಅಮಾವಾಸ್ಯೆಗೆ ಮೊದಲು ರಜ ಹಾಕಿ ಕೊಂಡಪಲ್ಲಿಗೆ ಹೋದೆ. ಅಮ್ಮನೂ ಬಂದರು, ಕೈಯಲ್ಲಿ ಎಲೆ ಅಡಕೆಯ ಚೀಲ. ಬೊಂಬೆಯವರ ಬೀದಿಯಲ್ಲಿ ಮನೆ ಮನೆಯಲ್ಲೂ ಹೊಟ್ಟಿನ ವಾಸನೆ. ಪೊಣಿಕಿ ಈಗ ಗುಡ್ಡದಲ್ಲಿ ಮೊದಲಿನಂತೆ ಸಿಗುವುದಿಲ್ಲ, ಮಕ್ಕಳು ಬೇರೆ ಕೆಲಸ ಹಿಡಿಯುತ್ತಿದ್ದಾರೆ ಎಂದು ಹೇಳಿಕೊಂಡರು. ಒಬ್ಬ ಹಿರಿಯರ ಮುಂದೆ ಆನೆಯನ್ನಿಟ್ಟು, ಇದನ್ನು ಮಾಡಿದವರನ್ನು ಹುಡುಕುತ್ತಿದ್ದೇವೆ, ಇಲ್ಲಿಯವರು, ಸಿಂಗ್ ನಗರದಲ್ಲಿದ್ದರು ಎಂದೆ. ಅವರು ಆನೆಯನ್ನು ತಿರುಗಿಸಿ ಹೊಟ್ಟೆ ನೋಡಿ, ಕೆಲಸಗಾರ ಒಳ್ಳೆಯವನು ಎಂದರು. ಆಮೇಲೆ ಸಹಜವಾಗಿ, "ಹೆಸರೇನು?" ಎಂದು ಕೇಳಿದರು.

ಅಮ್ಮ ನನ್ನ ಮುಖ ನೋಡಿದರು. ನಾನು ಅಮ್ಮನ ಮುಖ ನೋಡಿದೆ. ಅಮ್ಮನಿಗೆ ಅವರು ಮೇಷ್ಟ್ರು, ನನಗೆ ತಾತ, ಬೀದಿಗೆ ಚೇತಬಡಿಯವನು. ಹೆಸರನ್ನು ನಾವ್ಯಾರೂ ಕೇಳಿರಲೇ ಇಲ್ಲ. ಒಂದು ಕಿವಿ ಕೇಳುತ್ತಿರಲಿಲ್ಲ ಎಂದೆ. ಅರದ ಸದ್ದಿನಲ್ಲಿ ಬದುಕಿದ ಮುದುಕರಲ್ಲಿ ಯಾರಿಗೆ ಕೇಳುತ್ತದಮ್ಮ ಎಂದು ಅವರು ನಕ್ಕರು.

ರಾಣಿಗೆ ಕೈ ಮಾಡಿಕೊಟ್ಟರು, ನಾನು ಕೇಳಿದಂತೆ ಪೊಣಿಕಿಯಲ್ಲೇ. ಆನೆಗೂ ಸೊಂಡಿಲು, ಅಂಬಾರಿ ಹಾಕಿ ಬಣ್ಣ ಕೊಡುತ್ತೇನೆಂದರು; ಅದು ಹೀಗೇ ಇರಲಿ ಎಂದೆ. ತಾಂಬೂಲವನ್ನು ಅಮ್ಮ ಅವರ ಕೈಗೇ ಕೊಟ್ಟರು, ತಮಗೆ ಬರುವ ತೆಲುಗಿನಲ್ಲಿ ಏನೋ ಹೇಳಿ. ಈಗ ಅವರಿಗೆ ಸಾಕಷ್ಟು ತೆಲುಗು ಬರುತ್ತದೆ. ಏನು ಹೇಳಿದರೆಂದು ನನಗೆ ಕೇಳಿಸದಂತೆ ಮೆಲ್ಲಗೆ ಹೇಳಿದರು.

ಆ ವರ್ಷದಿಂದ ಪಟ್ಟದ ಬೊಂಬೆಗಳು ನಮ್ಮ ಮನೆಗೆ ಬಂದಿವೆ. ನವರಾತ್ರಿಯಲ್ಲಿ ಸಂಜೆ ಆರರ ಮೇಲೆ ಯಾವ ದಿನ ಬೇಕಾದರೂ ಬನ್ನಿ. ಮಕ್ಕಳನ್ನು ಕರೆತನ್ನಿ, ಬೊಂಬೆ ಬಾಗಿನಕ್ಕೆ ಕೊಬ್ಬರಿ ಮಿಠಾಯಿ ಮಾಡುವ ವಿಚಾರವಿದೆ. ಆನೆಯ ಮುಂದೆ ಒಂದು ತೆಂಗಿನ ಚಿಪ್ಪಿನಲ್ಲಿ ನೀರಿರುತ್ತದೆ, ಎಡವಬೇಡಿ. ಅದು ನನ್ನ ಮಗಳ ಏರ್ಪಾಡು. ದಿನಾ ಬೆಳಿಗ್ಗೆ ಎದ್ದು ನೋಡಿದರೆ ನೀರು ಒಂದು ಬೆರಳು ಕಡಮೆಯಾಗಿರುತ್ತದೆ. ವಿಶಾಖಪಟ್ಟಣದ ಸೆಕೆಗೆ ಆರುತ್ತದೆಂದು ನಮ್ಮ ಯಜಮಾನರ ಅಭಿಪ್ರಾಯ.